ಮರದ ಟಗ್ ಬೋಟ್ ಮಾದರಿ: ಮಲೆನಾಡಿನ ಮನೆಯಲ್ಲಿ ಕಟ್ಟುವುದು ಹೇಗೆ?

ದೊಡ್ಡ ಹಡಗುಗಳನ್ನು ಎಳೆದು, ತಳ್ಳಿ ಬಂದರಿನ ಕಟ್ಟೆಗೆ ತಂದು ನಿಲ್ಲಿಸುವ ಸಣ್ಣ, ಗಟ್ಟಿ ದೋಣಿಯೇ ಟಗ್ ಬೋಟ್. 1803ರಲ್ಲಿ ಸ್ಕಾಟ್ಲೆಂಡಿನ ಫೋರ್ತ್ ಅಂಡ್ ಕ್ಲೈಡ್ ಕಾಲುವೆಯಲ್ಲಿ ವಿಲಿಯಂ ಸಿಮಿಂಗ್ಟನ್ ಅವರ ಉಗಿ ದೋಣಿ 'ಷಾರ್ಲಟ್ ಡಂಡಾಸ್' ಎರಡು ಬಾರ್ಜ್‌ಗಳನ್ನು (ಸರಕು ದೋಣಿ) ಎಳೆದು ತೋರಿಸಿತು. ಅಲ್ಲಿಂದ ಈಚೆಗೆ ಎಂಜಿನ್ ಬದಲಾಗಿದೆ, ಕೆಲಸ ಬದಲಾಗಿಲ್ಲ. ಆ ಕೆಲಸವೇ ಟಗ್‌ಗೆ ಅದರ ಆಕಾರ ಕೊಟ್ಟಿದೆ. ಎತ್ತರದ ಮೂತಿ, ತಗ್ಗಿದ ಹಿಂಬದಿ, ದುಂಡು ಬೆನ್ನು, ಸುತ್ತ ಟೈರು. ಮಾದರಿ ಕಟ್ಟಲು ಇಷ್ಟು ಚೆಂದದ ದೋಣಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಶಿವಮೊಗ್ಗ ಕಡೆಯವರಿಗೆ ನಿಜವಾದ ಟಗ್ ನೋಡಬೇಕಾದರೆ ಹತ್ತಿರದ ದೊಡ್ಡ ಬಂದರು ನವಮಂಗಳೂರು. ಘಟ್ಟ ಇಳಿದು ಹೋದಾಗ ಪಣಂಬೂರು ಕಡಲತೀರದಲ್ಲಿ ಸ್ವಲ್ಪ ಹೊತ್ತು ಕಾಯಿರಿ. ಬಂದರಿಗೆ ಹಡಗು ಬರುವ ಹೊತ್ತಾದರೆ ಟಗ್ ಕಣ್ಣಿಗೆ ಬೀಳಬಹುದು. ಬದಿಯಿಂದ ಕಂಡಾಗ ಡೆಕ್ಕಿನ, ಅಂದರೆ ದೋಣಿಯ ಮೇಲ್ತಟ್ಟಿನ, ಗೆರೆ ಹೇಗೆ ಬಾಗಿದೆ ಎಂದು ಗಮನಿಸಿ. ಇಡೀ ಮಾದರಿಯ ಜೀವ ಆ ಒಂದು ಬಾಗಿನಲ್ಲಿದೆ.

ಇಲ್ಲಿ ಹೇಳುವುದು ಶೋಕೇಸಿನಲ್ಲಿ ಇಡುವ ಮಾದರಿಯ ಬಗ್ಗೆ, ನೀರಿನಲ್ಲಿ ಓಡಿಸುವುದಲ್ಲ. ಅಳತೆ 1:50. ಅಂದರೆ ನಿಜದ ಒಂದು ಮೀಟರ್ ನಮ್ಮಲ್ಲಿ 20 ಮಿ.ಮೀ. ಉದ್ದ 450 ಮಿ.ಮೀ., ಅಗಲ 140. ನಿಜದಲ್ಲಿ ಇದು ಇಪ್ಪತ್ತೆರಡೂವರೆ ಮೀಟರ್ ಉದ್ದದ ಬಂದರು ಟಗ್ ಆಗುತ್ತದೆ. ಈ ಅಳತೆಯಲ್ಲಿ ಬಾಗಿಲು 36 ಮಿ.ಮೀ., ಕಂಬಿ ಬೇಲಿ 20, ಮನುಷ್ಯ ಸುಮಾರು 34. ಯಾವ ಸಣ್ಣ ಭಾಗ ಮಾಡುವಾಗಲೂ 'ಇಲ್ಲಿ ಮನುಷ್ಯ ನಿಂತರೆ ಹೇಗಿರುತ್ತದೆ' ಎಂದು ಅಳೆದು ನೋಡಿ. ಅಳತೆ ತಪ್ಪಿದ ಬಾಗಿಲು ಒಂದೇ ಸಾಕು, ಮಾದರಿ ಆಟಿಕೆ ಆಗಿಬಿಡುತ್ತದೆ.

ಮರ ಮತ್ತು ಮಳೆಗಾಲ

ಮಲೆನಾಡಿನಲ್ಲಿ ಈ ಕೆಲಸಕ್ಕೆ ಒಂದು ಕಾಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಮರ ಅದನ್ನು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಜುಲೈನಲ್ಲಿ ಅಂಟಿಸಿದ ದೋಣಿಯ ಒಡಲು ಮಾರ್ಚ್‌ನಲ್ಲಿ ಬಾಯಿ ಬಿಡುತ್ತದೆ. ಅದಕ್ಕೆ ಅಡಿಕೆ ಕೊನೆಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಶುರು ಮಾಡಿ. ಜನವರಿಯಿಂದ ಮೇ ಒಳಗೆ ಒಡಲನ್ನು ಅಂಟಿಸಿ, ಕೆತ್ತಿ, ಸೀಲರ್ (ಮರದೊಳಗೆ ತೇವ ಹೋಗದಂತೆ ತಡೆಯುವ ಲೇಪ) ಹೊಡೆದು ಮುಗಿಸಿ. ಮಳೆ ಹಿಡಿದ ಮೇಲೆ ಮನೆಯೊಳಗೆ ಕೂತು ಕ್ಯಾಬಿನ್, ಕಂಬ, ಕೊಕ್ಕೆಗಳಂಥ ಸಣ್ಣ ಕೆಲಸ ಮಾಡಬಹುದು. ಬಣ್ಣ ಮಾತ್ರ ದಸರಾ ಕಳೆದು ಬಿಸಿಲು ಬಂದ ಮೇಲೆ.

ಒಡಲಿಗೆ ನನ್ನ ಆಯ್ಕೆ ಶಿವನೆ ಮರ. ಹಗುರ, ಉಳಿಗೆ ಸಲೀಸು, ಒಣಗಿದ ಮೇಲೆ ಜಾಸ್ತಿ ಸೊಟ್ಟಗಾಗುವುದಿಲ್ಲ. ಅದು ಸಿಗದಿದ್ದರೆ ಸಿಲ್ವರ್ ಓಕ್ ಆಗುತ್ತದೆ. ಹಲಸು ಗಟ್ಟಿ. ಅದನ್ನು ಸ್ಟ್ಯಾಂಡ್‌ಗೆ ಇಟ್ಟುಕೊಳ್ಳಿ. ಮಾವಿಗೆ ಕುಟ್ಟೆ ಹುಳ ಬೇಗ ಹತ್ತುತ್ತದೆ, ಬೇಡ. ಬೀಟೆ, ಶ್ರೀಗಂಧದ ಆಸೆಯೂ ಬೇಡ. ಅವಕ್ಕೆ ಕಾನೂನಿನ ಕಟ್ಟುಪಾಡು ಇದೆ, ಮೇಲಾಗಿ ಈ ಒಡಲು ಪೂರ್ತಿ ಬಣ್ಣದ ಕೆಳಗೆ ಹೋಗುವಂಥದ್ದು. ಸಾಗರ, ಸೊರಬದ ಗುಡಿಗಾರರ ಕೆತ್ತನೆ ನೋಡಿ ಬೆಳೆದವರಿಗೆ ಮರ ಅಂದರೆ ಗಂಧವೇ ನೆನಪಾಗುತ್ತದೆ, ಅಲ್ವಾ? ಆದರೆ ಅವರ ಕೈಯಿಂದ ಇಲ್ಲಿ ಕಲಿಯಬೇಕಾದ್ದು ಬೇರೆ: ಮರದ ಎಳೆ ಯಾವ ಕಡೆ ಓಡುತ್ತದೆ ಎಂದು ನೋಡಿಯೇ ಉಳಿ ಇಡುವುದು.

ಸಾಮಿಲ್ಲಿನಲ್ಲಿ ಉಳಿದ ತುಂಡುಗಳನ್ನು ಕೇಳಿದರೆ ಸಾಕು. ಪೀಠೋಪಕರಣ ಮಾಡುವ ಆಚಾರಿಗಳ ಹತ್ತಿರ ಮೆಷಿನ್ನಿನಲ್ಲಿ 12 ಮಿ.ಮೀ. ದಪ್ಪಕ್ಕೆ ಹೊಡೆಸಿಕೊಳ್ಳಿ. 460 ಉದ್ದ, 150 ಅಗಲದ ಐದು ಹಲಗೆ, 200 ಉದ್ದದ್ದು ಒಂದು. ಸೂಜಿಮೊನೆಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಹಲಗೆ ತರಬೇಡಿ.

ತಂದ ಹಲಗೆಗಳ ನಡುವೆ ರೀಪರ್ ತುಂಡು ಕೊಟ್ಟು, ಗಾಳಿಯಾಡುವ ಹಾಗೆ ಅಟ್ಟದ ಮೇಲೆ ಇಡಿ. ಅಡುಗೆ ಒಲೆಯ ಮೇಲಿನ ಅಟ್ಟ ಇದ್ದರೆ ಇನ್ನೂ ಒಳ್ಳೆಯದು. ಒಣಗಿದೆಯೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ಒಂದು ಹಲಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ.

ಸಾಮಾನು ಜಾಸ್ತಿ ಬೇಡ. ಸಣ್ಣ ಹಲ್ಲಿನ ಗರಗಸ, ಬಾಗು ಕೊಯ್ಯಲು ಜಿಗ್ ಸಾ ಅಥವಾ ಫ್ರೆಟ್ ಸಾ, ಸಣ್ಣ ಕೀಸುಳಿ, ಎರಡು ಉಳಿ, ಮರದ ಅರ, 80ರಿಂದ 320ರವರೆಗಿನ ಸ್ಯಾಂಡ್ ಪೇಪರ್, ಕೈ ಡ್ರಿಲ್, ಆರೇಳು ಕ್ಲ್ಯಾಂಪ್, ಫೆವಿಕಾಲ್, ಅರಾಲ್ಡೈಟ್. ಮರ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಒಡಲಿನ ಅಳತೆ

ಪಕ್ಕೆಲುಬು ನಿಲ್ಲಿಸಿ ಮೇಲೆ ಪಟ್ಟಿ ಹೊದಿಸುವುದು ದೋಣಿ ಕಟ್ಟುವ ಒಂದು ದಾರಿ. ಮೊದಲ ಮಾದರಿಗೆ ನಾನು ಅದನ್ನು ಹೇಳುವುದಿಲ್ಲ. ಟಗ್‌ನ ದುಂಡು ಹಿಂಬದಿಗೆ ಪಟ್ಟಿ ಬಾಗಿಸುವುದು ಕಷ್ಟ. ಹಲಗೆಯ ಮೇಲೆ ಹಲಗೆ ಅಂಟಿಸಿ, ಮೆಟ್ಟಿಲು ಮೆಟ್ಟಿಲಾದ ರಾಶಿಯನ್ನು ಕೆತ್ತಿ ನುಣುಪು ಮಾಡುವ ಪದರದ ವಿಧಾನವೇ ಇದಕ್ಕೆ ಸರಿ.

ಪದರ ಆರು, ಕೆಳಗಿನದು ಒಂದನೆಯದು. ಪ್ರತಿ ಪದರವನ್ನೂ ಅದರ ಮೇಲ್ಮೈಯ ಅಳತೆಗೆ ಕೊಯ್ಯಬೇಕು. ಕೆಳಗಿನ ಅಂಕಿಗಳು ಮಧ್ಯದ ಗೆರೆಯಿಂದ ಒಂದು ಬದಿಗೆ ಇರುವ ಅಗಲ, ಎಲ್ಲವೂ ಮಿ.ಮೀ.ನಲ್ಲಿ. ದೂರವನ್ನು ಮೂತಿಯ ತುದಿಯಿಂದ ಅಳೆಯಿರಿ.

45ರಲ್ಲಿ: ಐದನೇ ಪದರ 36, ಮೂರನೆಯದು 23, ಒಂದನೆಯದು 8
90ರಲ್ಲಿ: 56, 44, 25
135ರಲ್ಲಿ: 66, 59, 42
225ರಲ್ಲಿ: 70, 69, 58
315ರಲ್ಲಿ: 69, 64, 42
360ರಲ್ಲಿ: 66, 46, 14
395ರಲ್ಲಿ: 58, 3, 3

ನಾಲ್ಕನೇ ಪದರಕ್ಕೆ ಐದು ಮತ್ತು ಮೂರರ ನಡುವಿನ ಅಳತೆ, ಎರಡನೆಯದಕ್ಕೆ ಮೂರು ಮತ್ತು ಒಂದರ ನಡುವಿನದು. ಎರಡನೆಯದಕ್ಕೆ 225ರ ಹತ್ತಿರ 2 ಮಿ.ಮೀ. ಸೇರಿಸಿ, ಆಗ ಹೊಟ್ಟೆ ತುಂಬಿಕೊಂಡು ಕಾಣುತ್ತದೆ. ಕೆಳಗಿನ ಮೂರು ಪದರಗಳೂ 395ರಲ್ಲಿ ನಿಲ್ಲುತ್ತವೆ. ಅದರ ಹಿಂದೆ ಪ್ರೊಪೆಲರ್, ಚುಕ್ಕಾಣಿಗೆ ಜಾಗ ಬೇಕು. ನಾಲ್ಕನೆಯದು 435ರವರೆಗೆ, ಐದನೆಯದು 450ರವರೆಗೆ ಹೋಗಿ ದುಂಡಗೆ ಮುಗಿಯುತ್ತದೆ. ಐದನೆಯದಕ್ಕೆ 405ರಲ್ಲಿ 54, 440ರಲ್ಲಿ 28. ಆರನೇ ಪದರ ಮೂತಿಯಲ್ಲಿ ಮಾತ್ರ, 180ರವರೆಗೆ: 45ರಲ್ಲಿ 42, 90ರಲ್ಲಿ 61, 135ರಲ್ಲಿ 68, 180ರಲ್ಲಿ 70. ಮೂತಿ ಸ್ವಲ್ಪ ಮುಂದಕ್ಕೆ ವಾಲಬೇಕು. ಅದಕ್ಕೆ ಒಂದನೇ ಪದರ 10ರಿಂದ, ಮೂರನೆಯದು 6ರಿಂದ, ಐದನೆಯದು 2ರಿಂದ, ಆರನೆಯದು ಸೊನ್ನೆಯಿಂದ ಶುರು.

ಈ ಬಿಂದುಗಳನ್ನು ದಪ್ಪ ಕಾಗದದ ಮೇಲೆ ಗುರುತು ಹಾಕಿ. ತೆಳ್ಳಗಿನ ಬಿದಿರಿನ ಸೀಳನ್ನು ಬಾಗಿಸಿ, ಅದಕ್ಕೆ ಒರಗಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಬಿದಿರು ಯಾವುದಾದರೂ ಬಿಂದುವಿಗೆ ಮುಟ್ಟಲು ಒಪ್ಪದಿದ್ದರೆ ಬಿದಿರಿನ ಮಾತು ಕೇಳಿ, ಬಿಂದುವನ್ನು ಒಂದು ಮಿ.ಮೀ. ಸರಿಸಿ. ಗೆರೆ ಸಲೀಸಾಗಿ ಹರಿಯುವುದು ಅಂಕಿಗಿಂತ ಮುಖ್ಯ. ಅರ್ಧ ಭಾಗ ಬಿಡಿಸಿ, ಕಾಗದವನ್ನು ಮಧ್ಯದ ಗೆರೆಯಲ್ಲಿ ಮಡಚಿ ಕತ್ತರಿಸಿದರೆ ಎರಡೂ ಬದಿ ಒಂದೇ ಆಗುತ್ತದೆ.

ಕೊಯ್ಯುವುದು, ಅಂಟಿಸುವುದು

ಎಲ್ಲ ಹಲಗೆಗಳ ಎಳೆಯೂ ಉದ್ದಕ್ಕೇ ಇರಲಿ. ಒಂದನ್ನು ಅಡ್ಡ ಹಾಕಿದರೆ ಮಳೆಗಾಲದಲ್ಲಿ ಅದೊಂದು ಬೇರೆ ದಿಕ್ಕಿಗೆ ಹಿಗ್ಗಿ ಅಂಟು ಬಿಡಿಸುತ್ತದೆ. ಹಲಗೆಯ ತುದಿಯಲ್ಲಿ ಕಾಣುವ ಬಳೆಗಳ ಬಾಗು ಒಂದರಲ್ಲಿ ಮೇಲಕ್ಕಿದ್ದರೆ ಮುಂದಿನದರಲ್ಲಿ ಕೆಳಕ್ಕೆ ಬರಲಿ. ಮಧ್ಯದ ಗೆರೆಯನ್ನು ಎರಡೂ ಮುಖಕ್ಕೆ ಎಳೆದು, ಆಮೇಲೆ ಗೆರೆಯ ಹೊರಗೆ ಒಂದು ಮಿ.ಮೀ. ಬಿಟ್ಟು ಕೊಯ್ಯಿರಿ.

ಎರಡು, ಮೂರು, ನಾಲ್ಕನೇ ಪದರಗಳ ಒಳಭಾಗವನ್ನು ತೆಗೆಯಬೇಕು. ಮೂತಿಯಿಂದ 110ರಿಂದ 320ರವರೆಗೆ ಮಾತ್ರ, ಸುತ್ತ 20 ಮಿ.ಮೀ. ಗೋಡೆ ಬಿಟ್ಟು. ಇದು ಬರೀ ತೂಕ ಇಳಿಸಲು ಅಲ್ಲ. ದಪ್ಪ ಗಟ್ಟಿ ಮರದ ಹೊರಗು ಬೇಗ ಒಣಗುತ್ತದೆ, ಒಳಗು ನಿಧಾನ. ಆ ಎಳೆದಾಟದಲ್ಲೇ ಬಿರುಕು ಬರುವುದು. ಹಿಂಬದಿಯನ್ನು ಟೊಳ್ಳು ಮಾಡಬೇಡಿ. ಅಲ್ಲಿ ಕೆತ್ತನೆ ಆಳಕ್ಕೆ ಹೋಗುತ್ತದೆ, ಗೋಡೆ ತೂತಾಗುತ್ತದೆ.

ಅಂಟು ಹಚ್ಚುವ ಮೊದಲು ಪದರಗಳನ್ನು ಜೋಡಿಸಿ, ಮಧ್ಯದ ಗೆರೆಯ ಮೇಲೆ ಹಿಂದೊಂದು ಮುಂದೊಂದು 4 ಮಿ.ಮೀ. ತೂತು ಕೊರೆದು ಬಿದಿರಿನ ಮೊಳೆ ಹಾಕಿ ನೋಡಿ. ಅಂಟು ಹಸಿ ಇರುವಾಗ ಪದರಗಳು ಜಾರುತ್ತವೆ, ಮೊಳೆ ಇದ್ದರೆ ನಿಲ್ಲುತ್ತವೆ. ಫೆವಿಕಾಲನ್ನು ಎರಡೂ ಮುಖಕ್ಕೆ ತೆಳುವಾಗಿ ಸವರಿ. ಕ್ಲ್ಯಾಂಪ್ ಕಡಿಮೆ ಬಿದ್ದರೆ ಹಳೆ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ, ಮೇಲೆ ರುಬ್ಬುವ ಕಲ್ಲು ಹೇರಿ. ಮೊದಲು ನಾಲ್ಕು ಪದರ ಅಂಟಿಸಿ ಒಂದು ದಿನ ಬಿಡಿ. ಟೊಳ್ಳಿನ ಒಳಗೆ ಸೀಲರ್ ಹಚ್ಚಿ ಒಣಗಿಸಿದ ಮೇಲೆ ಐದು ಮತ್ತು ಆರನ್ನು ಮುಚ್ಚಿ. ಸೀಲರ್ ಅಂಟಿಸುವ ಮುಖಕ್ಕೆ ತಾಗಬಾರದು.

ಕೆತ್ತನೆ

ಈಗ ನಿಜವಾದ ಕೆಲಸ. ಇಡೀ ಮಾದರಿಗೆ ಇಡುವ ಸಮಯದಲ್ಲಿ ಅರ್ಧವನ್ನು ಇಲ್ಲೇ ಕೊಡಿ ಎನ್ನುತ್ತೇನೆ. ಒಡಲು ಚೆನ್ನಾಗಿ ಬಂದರೆ ಮೇಲಿನ ಸಣ್ಣಪುಟ್ಟ ಭಾಗಗಳು ಕಡಿಮೆಯಾದರೂ ಅದು ಟಗ್ ಆಗಿಯೇ ಕಾಣುತ್ತದೆ. ಒಡಲು ಕೆಟ್ಟರೆ ಮೇಲೆ ಎಷ್ಟು ಹಿತ್ತಾಳೆ ಹಚ್ಚಿದರೂ ಪ್ರಯೋಜನ ಇಲ್ಲ.

ಮೊದಲು ಡೆಕ್ಕಿನ ಬಾಗು. ಒಂದನೇ ಪದರದ ತಳದಿಂದ ಎತ್ತರ ಹೀಗಿರಲಿ: ಮೂತಿಯಲ್ಲಿ 72, ಅಲ್ಲಿಂದ 90 ದೂರದಲ್ಲಿ 66, 180ರಲ್ಲಿ 60, 270ರಲ್ಲಿ 54, 340ರಲ್ಲಿ 52, ಹಿಂತುದಿಯಲ್ಲಿ 56. ಅತಿ ತಗ್ಗಾದ ಜಾಗ ಮಧ್ಯದಲ್ಲಿ ಇಲ್ಲ, ಹಿಂದಿದೆ ಎನ್ನುವುದನ್ನು ಗಮನಿಸಿ. ಎಳೆಯುವ ಹಗ್ಗ ಹರಿದಾಡುವ, ಜನ ನಿಂತು ಕೆಲಸ ಮಾಡುವ ಜಾಗ ಅದು. ಬಿದಿರಿನ ಸೀಳಿನಿಂದ ಎರಡೂ ಬದಿಗೆ ಗೆರೆ ಎಳೆದು ಕೀಸುಳಿಯಿಂದ ಇಳಿಸಿ.

ಆಮೇಲೆ ದೋಣಿಯನ್ನು ಮಗುಚಿ ಹಾಕಿ. ಪದರಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ. ಎರಡು ಪದರ ಸೇರುವ ಒಳಮೂಲೆ ಇದೆಯಲ್ಲ, ಅದೇ ಸಿದ್ಧ ದೋಣಿಯ ಮೈ. ಪ್ರತಿ ಒಳಮೂಲೆಗೂ ಗಾಢವಾಗಿ ಪೆನ್ಸಿಲ್ ಎಳೆಯಿರಿ. ಹೊರಗೆ ಚಾಚಿದ ಮೂಲೆಗಳನ್ನು ಉಳಿ, ಕೀಸುಳಿ, ಅರದಿಂದ ತೆಗೆಯುತ್ತಾ ಹೋಗಿ. ಪೆನ್ಸಿಲ್ ಗೆರೆ ಮಾಸಲು ಶುರುವಾದಾಗ ನಿಲ್ಲಿಸಿ. ಉಳಿ ಯಾವಾಗಲೂ ಅಗಲದ ಕಡೆಯಿಂದ ತುದಿಯ ಕಡೆಗೆ ಹೋಗಲಿ. ಅಂದರೆ ನಡುವಿನಿಂದ ಮೂತಿಗೆ, ನಡುವಿನಿಂದ ಹಿಂದಕ್ಕೆ. ಉಲ್ಟಾ ಹೋದರೆ ಎಳೆ ಎದ್ದು ಚಕ್ಕೆ ಕಿತ್ತು ಬರುತ್ತದೆ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎರಡೂ ಬದಿ ಸ್ವಲ್ಪ ಸ್ವಲ್ಪವೇ ಒಟ್ಟಿಗೆ ಇಳಿಯಲಿ. 90, 225, 315ರಲ್ಲಿ ಅಡ್ಡ ಆಕಾರದ ಅಚ್ಚನ್ನು ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ಬಿಂದುಗಳು ಮೇಲಿನ ಪಟ್ಟಿಯಲ್ಲೇ ಇವೆ: 12, 36, 60 ಎತ್ತರಗಳಲ್ಲಿ ಒಂದು, ಮೂರು, ಐದನೇ ಪದರಗಳ ಅಗಲ. ಅದೇ ಅಚ್ಚನ್ನು ಎರಡೂ ಬದಿಗೆ ಹಿಡಿದು ನೋಡಿದರೆ ಹೆಚ್ಚುಕಮ್ಮಿ ತಿಳಿಯುತ್ತದೆ. ಕಣ್ಣಿಗಿಂತ ಅಂಗೈ ಚುರುಕು. ಕಣ್ಣು ಮುಚ್ಚಿ ಮೂತಿಯಿಂದ ಹಿಂದಕ್ಕೆ ಕೈಯಾಡಿಸಿ, ಉಬ್ಬುತಗ್ಗು ಸಿಗುತ್ತದೆ.

ತಳಕ್ಕೆ 6 ಮಿ.ಮೀ. ಚೌಕದ ಪಟ್ಟಿ ಅಂಟಿಸಿ. ಅದು ಹಿಂದೆ 436ರವರೆಗೆ ಚಾಚಿರಲಿ, ಚುಕ್ಕಾಣಿಯ ಕೆಳತುದಿಗೆ ಆಸರೆ. ಸಣ್ಣ ಸಂದುಗಳಿಗೆ ಅದೇ ಮರದ ಪುಡಿಯನ್ನು ಫೆವಿಕಾಲಿಗೆ ಕಲಸಿ ತುಂಬಿ. 80, 120, 220 ಹೀಗೆ ಸ್ಯಾಂಡ್ ಪೇಪರ್ ಹೊಡೆದು, ಮಳೆ ಬರುವ ಮೊದಲು ಎರಡು ಕೈ ಸೀಲರ್ ಹಚ್ಚಿಬಿಡಿ.

ಡೆಕ್ ಮತ್ತು ಅಂಚುಗೋಡೆ

ಡೆಕ್ಕಿಗೆ 3 ಮಿ.ಮೀ. ಅಗಲದ ತೆಳು ಪಟ್ಟಿಗಳನ್ನು ಮಧ್ಯದಿಂದ ಹೊರಕ್ಕೆ ಅಂಟಿಸುತ್ತಾ ಹೋಗಿ. ಐಸ್‌ಕ್ರೀಂ ಕಡ್ಡಿ ಸೀಳಿದರೂ ಆಗುತ್ತದೆ. ಪ್ರತಿ ಪಟ್ಟಿಯ ಒಂದು ಅಂಚಿಗೆ ಮಾತ್ರ ಮೆತ್ತನೆ ಪೆನ್ಸಿಲ್ ಉಜ್ಜಿ. ಅಂಟಿಸಿದಾಗ ಹಲಗೆಗಳ ನಡುವಿನ ಕಪ್ಪು ಡಾಂಬರು ಗೆರೆ ತಾನಾಗಿ ಮೂಡುತ್ತದೆ.

ಅಂಚುಗೋಡೆ ಸುಮಾರು 16 ಮಿ.ಮೀ. ಎತ್ತರ. ಪೀಠೋಪಕರಣದ ಅಂಗಡಿಯಲ್ಲಿ ಉಳಿದ ವೆನೀರ್ (ಮರದ ತೆಳು ಹಾಳೆ) ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒಡಲಿಗೆ ಸುತ್ತಿ ಕಟ್ಟಿ ಒಣಗಿಸಿ. ಬಾಗು ಬಂದ ಮೇಲೆ ಮೂರು ಪದರ ಮಾಡಿ ಅಂಟಿಸಿ. ಡೆಕ್ಕಿನ ಮಟ್ಟದಲ್ಲಿ ಅಲ್ಲಲ್ಲಿ 8×4 ಮಿ.ಮೀ. ಕಿಂಡಿ ಕೊಯ್ಯಬೇಕು, ಡೆಕ್ಕಿಗೆ ಏರಿದ ಅಲೆಯ ನೀರು ಹೊರಹೋಗುವ ದಾರಿ ಅದು. ಗೋಡೆ ಹಿಂಬದಿಯಲ್ಲಿ ಒಂದೆರಡು ಮಿ.ಮೀ. ಒಳಕ್ಕೆ ವಾಲಲಿ. ಟಗ್ ದೊಡ್ಡ ಹಡಗಿಗೆ ಒತ್ತಿಕೊಂಡು ನಿಂತಾಗ ಗೋಡೆ ಜಜ್ಜಿಹೋಗದಿರಲಿ ಎಂದು ನಿಜದಲ್ಲೂ ಹೀಗೆ ಮಾಡುತ್ತಾರೆ. ಒಳಗಡೆ 20 ಮಿ.ಮೀ.ಗೊಂದು ಆಸರೆ ಕಡ್ಡಿ ಕೊಡಿ. ಮೇಲಿನ ಅಂಚುಪಟ್ಟಿಯನ್ನು ಬಾಗಿಸಲು ಹೋಗಬೇಡಿ, ತೆಳು ಹಲಗೆಯಲ್ಲಿ ಆಕಾರಕ್ಕೇ ಕೊಯ್ದು ಅಂಟಿಸಿ.

ಹೊರಗೆ ಡೆಕ್ಕಿನ ಮಟ್ಟಕ್ಕೆ ಬಿದಿರಿನ ಪಟ್ಟಿ. ಮೇದಾರರು ಬುಟ್ಟಿಗೆ ತೆಗೆಯುವಂಥ ಸೀಳು, 4 ಮಿ.ಮೀ. ಅಗಲ. ಮೇಣದ ಬತ್ತಿಯ ಮೇಲೆ ಬಿಸಿ ಮಾಡಿದರೆ ಹಿಂಬದಿಯ ದುಂಡಿಗೆ ಸುಲಭವಾಗಿ ಬಾಗುತ್ತದೆ.

ಕ್ಯಾಬಿನ್, ಹೊಗೆ ಕೊಳವೆ, ಕೊಕ್ಕೆ

ಕ್ಯಾಬಿನ್ ಮೂತಿಯಿಂದ 110ಕ್ಕೆ ಶುರು. ಉದ್ದ 145, ಅಗಲ 70, ಎತ್ತರ 44. ಅದರ ಮುಂಭಾಗದ ಮೇಲೆ ಚಾಲಕನ ಕೋಣೆ, 50×50, ಎತ್ತರ 46. ಎರಡೂ ದೋಣಿಯ ಅಂಚಿನಿಂದ ಸಾಕಷ್ಟು ಒಳಗಿವೆ. ಹಡಗಿನ ಬದಿ ಮೇಲೆ ಹೋದಂತೆ ಹೊರಕ್ಕೆ ಚಾಚಿರುತ್ತದೆ, ಅದು ಕೋಣೆಗೆ ಬಡಿಯಬಾರದು. ಕಿಟಕಿ ಸುತ್ತಲೂ ಬೇಕು. ಚಾಲಕ ಹಿಂದಿನ ಹಗ್ಗವನ್ನೂ ನೋಡುತ್ತಿರಬೇಕಲ್ಲ. 3 ಮಿ.ಮೀ. ಪ್ಲೈನಲ್ಲಿ ಗೋಡೆ ಕೊಯ್ದು, ಕಿಟಕಿ ಕಿಂಡಿ ತೆಗೆದು, ಬಣ್ಣ ಆದ ಮೇಲೆ ಒಳಗಿನಿಂದ ಪಾರದರ್ಶಕ ಹಾಳೆ ಅಂಟಿಸಿ. ಅಲ್ಲಿ ಫೆವಿಕ್ವಿಕ್ ಬೇಡ, ಹಾಳೆಯ ಮೇಲೆ ಬಿಳಿ ಮಂಜು ಕೂರುತ್ತದೆ.

ಹೊಗೆ ಕೊಳವೆಗೆ 24 ಮಿ.ಮೀ. ದಪ್ಪದ ಒಣ ಬಿದಿರು, ಗಣ್ಣಿಲ್ಲದ ಜಾಗ, 60 ಎತ್ತರ. ಕಂಬಕ್ಕೆ 110 ಎತ್ತರದ ಕಡ್ಡಿ, ಬುಡ 6, ತುದಿ 3. ಎಳೆಯುವಾಗ ಹಚ್ಚುವ ದೀಪಗಳ ಜಾಗ ಸರಿಯಾಗಿರಲಿ: ಕಂಬದಲ್ಲಿ ಒಂದರ ಕೆಳಗೊಂದು ಎರಡು ಬಿಳಿ ದೀಪ. ಟಗ್‌ನ ಹಿಂತುದಿಯಿಂದ ಅದು ಎಳೆಯುವ ಹಡಗಿನ ಹಿಂತುದಿಯವರೆಗಿನ ಉದ್ದ 200 ಮೀಟರ್ ದಾಟಿದರೆ ಮೂರು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಹಿಂದೆ ಬಿಳಿ, ಅದರ ಮೇಲೆ ಹಳದಿ.

ಎಳೆಯುವ ಕೊಕ್ಕೆಯನ್ನು ತುಂಬ ಜನ ಹಿಂತುದಿಯಲ್ಲಿ ಇಟ್ಟುಬಿಡುತ್ತಾರೆ. ಅದು ತಪ್ಪು. ಹಗ್ಗ ಬಾಲಕ್ಕೆ ಕಟ್ಟಿದ್ದರೆ ಟಗ್ ತಿರುಗಲಾರದು, ಹಗ್ಗವೇ ಅದರ ಬಾಲ ಹಿಡಿದಿರುತ್ತದೆ. ಅದಕ್ಕೆ ಕೊಕ್ಕೆ ನಡುವಿಗಿಂತ ಸ್ವಲ್ಪವೇ ಹಿಂದೆ, ನಮ್ಮ ಮಾದರಿಯಲ್ಲಿ 268ರ ಹತ್ತಿರ, ಕ್ಯಾಬಿನ್ನಿನ ಬೆನ್ನಿಗೆ. ಹಗ್ಗ ಅಡ್ಡಕ್ಕೆ ಜಗ್ಗಿದರೆ ಟಗ್ ಮಗುಚುವ ಅಪಾಯ ಇದೆ, ಆದ್ದರಿಂದ ನಿಜದ ಕೊಕ್ಕೆಯನ್ನು ಒಂದೇ ಏಟಿಗೆ ಬಿಡಿಸುವ ವ್ಯವಸ್ಥೆ ಇರುತ್ತದೆ. ವೈರಿಂಗ್‌ನ 2 ಮಿ.ಮೀ. ತಾಮ್ರದ ತಂತಿ ಬಾಗಿಸಿ ಕೊಕ್ಕೆ ಮಾಡಿ. ಅದರ ಹಿಂದೆ ಡೆಕ್ಕಿನ ಅಗಲಕ್ಕೆ ಒಂದು ಕಮಾನು ಕೊಡಿ, ಹಗ್ಗ ಅದರ ಮೇಲೆ ಜಾರಾಡುತ್ತದೆ. ಉಳಿದ ಹಿಂದಿನ ಡೆಕ್ ಖಾಲಿಯಾಗಿರಲಿ. ಅಲ್ಲಿ ಪೆಟ್ಟಿಗೆ, ಪೀಪಾಯಿ ತುಂಬುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಟೈರುಗಳಿಗೆ 20 ಮಿ.ಮೀ. ರಬ್ಬರ್ ವಾಷರ್. ತೋಟದ ಸ್ಪ್ರಿಂಕ್ಲರ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹಗ್ಗಕ್ಕೆ 1 ಮಿ.ಮೀ. ಹತ್ತಿ ದಾರ, ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಕಂಬಿ ಬೇಲಿಗೆ ಗುಂಡುಸೂಜಿ ಮತ್ತು ಸಣ್ಣ ಹಿತ್ತಾಳೆ ತಂತಿ. ಪ್ರೊಪೆಲರ್ 34 ಮಿ.ಮೀ., ತೆಳು ಹಿತ್ತಾಳೆ ತಗಡಿನಲ್ಲಿ ನಾಲ್ಕು ಎಸಳು ಕತ್ತರಿಸಿ, ಎಲ್ಲವನ್ನೂ ಒಂದೇ ಕಡೆಗೆ ತಿರುಚಿ, ಅರಾಲ್ಡೈಟ್‌ನಿಂದ ಕೂರಿಸಿ. ಚುಕ್ಕಾಣಿ 38 ಎತ್ತರ, 26 ಅಗಲ.

ಬಣ್ಣ

ನೀರಿನ ಗೆರೆ ಮೊದಲು. ದೋಣಿಯನ್ನು ಸಮತಟ್ಟಾದ ಮೇಜಿನ ಮೇಲೆ ಅಲುಗದಂತೆ ನಿಲ್ಲಿಸಿ. ದೋಣಿಯ ತಳಕ್ಕೆ ಅಂಟಿಸಿದ ಪಟ್ಟಿಯ ಕೆಳಮೈಯಿಂದ 46 ಮಿ.ಮೀ. ಎತ್ತರಕ್ಕೆ ಬರುವಂತೆ ಒಂದು ಮರದ ತುಂಡಿಗೆ ಪೆನ್ಸಿಲ್ ಕಟ್ಟಿ, ಆ ತುಂಡನ್ನು ಮೇಜಿನ ಮೇಲೆ ದೋಣಿಯ ಸುತ್ತ ಜಾರಿಸಿ.

ಗೆರೆಯ ಕೆಳಗೆ ಕಿಟಕಿ ಸರಳಿಗೆ ಹಚ್ಚುವ ರೆಡ್ ಆಕ್ಸೈಡ್‌ನ ಬಣ್ಣವೇ ಸರಿಹೋಗುತ್ತದೆ. ಮೇಲೆ ಹೊಳಪಿಲ್ಲದ ಕಪ್ಪು, ನಡುವೆ 2 ಮಿ.ಮೀ. ಬಿಳಿ ಗೆರೆ. ಕ್ಯಾಬಿನ್ನಿಗೆ ಕೆನೆ ಅಥವಾ ಬಿಳಿ. ಎನಾಮಲ್ ತೆಳುವಾಗಿ ಮೂರು ಕೈ, ನಡುನಡುವೆ 320ರ ಪೇಪರ್. ಗಾಳಿಯಲ್ಲಿ ತೇವ ಇರುವ ದಿನ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬಟ್ಟೆ ಬೇಗ ಒಣಗದ ದಿನ ಬಣ್ಣದ ಡಬ್ಬಿ ತೆರೆಯಬೇಡಿ.

ಇಡುವ ಜಾಗ

ಸ್ಟ್ಯಾಂಡ್‌ಗೆ ಹಲಸಿನ ಎರಡು ಹಲಗೆ ಸಾಕು. ಒಡಲು ಕೂರುವ ಬಾಗಿಗೆ 90 ಮತ್ತು 315ರ ರಟ್ಟಿನ ಅಚ್ಚುಗಳನ್ನೇ ಬಳಸಿ, ಒಳಗೆ ಬಟ್ಟೆ ಅಂಟಿಸಿ. ದೋಣಿಯನ್ನು ಸ್ಟ್ಯಾಂಡ್‌ಗೆ ಸ್ಕ್ರೂ ಹಾಕಿ ಬಿಗಿಯಬೇಡಿ, ಮರ ಹಿಗ್ಗುವಾಗ ಜಾಗ ಬೇಕು.

ಗಾಜಿನ ಪೆಟ್ಟಿಗೆ ಮಾಡಿಸುವುದಾದರೆ ಹಿಂದೆ ಎರಡು ಸಣ್ಣ ತೂತು ಬಿಟ್ಟು ಜಾಲರಿ ಹಾಕಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಳೆಗಾಲದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಮೂಲೆಯಲ್ಲಿ ಇಟ್ಟು, ಆಗಾಗ ಬದಲಿಸಿ. ಮಣ್ಣಿನ ಗೋಡೆಗೆ ತಾಗಿಸಿ ಇಡಬೇಡಿ. ಒಂದು ಗೇಣು ಬಿಟ್ಟರೆ ತೇವವೂ ತಾಗುವುದಿಲ್ಲ, ಗೆದ್ದಲು ಬಂದರೂ ಕಣ್ಣಿಗೆ ಬೀಳುತ್ತದೆ. ಮೊದಲ ಮಳೆಗಾಲ ಕಳೆದ ಮೇಲೆ ಒಡಲಿನ ಅಂಟು ಗೆರೆಗಳನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೆ ಆಗಲೇ ತುಂಬಲು ಹೋಗಬೇಡಿ. ಫೆಬ್ರವರಿವರೆಗೆ ಕಾದು, ಮರ ಪೂರ್ತಿ ಒಣಗಿ ಬಿರುಕು ಎಷ್ಟು ತೆರೆಯುತ್ತದೋ ತೆರೆದ ಮೇಲೆ ಅಂಟು ಇಳಿಸಿ, ಉಜ್ಜಿ, ಅಷ್ಟೇ ಜಾಗಕ್ಕೆ ಬಣ್ಣ ಹಚ್ಚಿ.